ಮೂರು ವಾರ ಹಳೆಯ ಮಾತ್ರೆ

ಅಕ್ಕನ ಮಗನಿಗೆ ಫಿಟ್ಸ್ ಮಾತ್ರೆ ಶುರುವಾಗಿ ಮೂರು ವಾರಕ್ಕೆ ಜ್ವರ, ಮೈತುಂಬ ಕೆಂಪು ದದ್ದು, ಕೆಮ್ಮು, ಏದುಸಿರು. ಊರಲ್ಲಿ ದಡಾರ ಅಂದ್ರು. ಪೇಟೆಯಲ್ಲಿ ನ್ಯುಮೋನಿಯಾ ಅಂದ್ರು. ಕೊನೆಗೆ ಒಬ್ಬ ಡಾಕ್ಟರಮ್ಮ ಕೇಳಿದ್ರು: "ಹೊಸ ಮಾತ್ರೆ ಯಾವಾಗಿಂದ?"

ಆ ಪ್ರಶ್ನೆಗೊಂದು ಚರಿತ್ರೆಯಿದೆ. ಫೆನಿಟಾಯಿನ್ ತಯಾರಾಗಿದ್ದು 1908ರಲ್ಲಿ, ಜರ್ಮನಿಯಲ್ಲಿ. ಅದು ಮಂಪರು ಹತ್ತಿಸದೆಯೇ ಫಿಟ್ಸ್ ತಡೆಯುತ್ತೆ ಅಂತ ಬಾಸ್ಟನ್ನಿನ ಮೆರಿಟ್, ಪುಟ್ನಮ್ ತೋರಿಸಿದ್ದು 1938ರಲ್ಲಿ. ಎಷ್ಟೋ ಮಕ್ಕಳ ಬಾಳು ಹಸನಾಯ್ತು. ಆದರೆ ಕೆಲವರಿಗೆ ಜ್ವರ, ದದ್ದು, ಗಂಟಲ ಪಕ್ಕ ಗಡ್ಡೆ, ಲಿವರ್‌ಗೆ ಪೆಟ್ಟು, ಅಪರೂಪಕ್ಕೆ ಶ್ವಾಸಕೋಶಕ್ಕೂ. 1988ರಲ್ಲಿ ಟೊರಾಂಟೋದ ಶಿಯರ್, ಸ್ಪೀಲ್‌ಬರ್ಗ್ ಇಂಥ ರೋಗಿಗಳ ರಕ್ತಕಣಗಳನ್ನು ಪರೀಕ್ಷಿಸಿದರು. ಫೆನಿಟಾಯಿನ್, ಫಿನೋಬಾರ್ಬಿಟಲ್, ಕಾರ್ಬಮಜೆಪಿನ್ ಒಂದೇ ಬಳಗ. ಒಂದು ಒಗ್ಗದವರಿಗೆ ಎಷ್ಟೋ ಸಲ ಉಳಿದವೂ ಒಗ್ಗಲ್ಲ ಅನ್ನೋದು ಗಟ್ಟಿಯಾಯ್ತು.

ಬಗ್ ಬಂದ್ರೆ ನಾವು ನಿನ್ನೆ ಹಾಕಿದ ಕೋಡ್ ನೋಡ್ತೀವಿ. ಈ ಅಲರ್ಜಿ ತಲೆ ಎತ್ತೋದು ವಾರಗಳಾದ ಮೇಲೆ. ಅಷ್ಟೊತ್ತಿಗೆ ಮಾತ್ರೆ ಮೇಲೆ ಯಾರಿಗೂ ಅನುಮಾನ ಇರಲ್ಲ. ಹಾಗಂತ ನಾವೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ತಕ್ಷಣ ಡಾಕ್ಟರ ಬಳಿ ಓಡಬೇಕು.

ಡಾಕ್ಟರಮ್ಮ ಬೇರೆ ಬಳಗದ ಮಾತ್ರೆ ಕೊಟ್ಟರು, ಹುಡುಗ ಉಳಿದ. ಅಕ್ಕ ಈಗ ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ಆ ಮೂರು ಹೆಸರಿನ ಚೀಟಿ ಮುಂದಿಡ್ತಾಳೆ.