ಬಗ್ಗುವ ಮರ

ನಮ್ಮ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕರೆತರುವ ತಂದೆತಾಯಿಯರು ಹೊರಗಿನ ಬೆಂಚಿನ ಮೇಲೆಯೇ ಕೂತುಬಿಡುತ್ತಾರೆ. ಅವರಲ್ಲಿ ಹಲವರು ಹೊರನಾಡಿನಲ್ಲೇ ಹುಟ್ಟಿ ಬೆಳೆದವರು. ಕನ್ನಡ ಮಾತನಾಡಬಲ್ಲರು, ಓದಲಾರರು. ಒಳಗೆ ಬನ್ನಿರೆಂದರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಗುತ್ತಾರೆ. ಒಂದು ಕಾಲಕ್ಕೆ ಈ ಗಾದೆಗೆ ವಿಜ್ಞಾನದ ಸಮ್ಮತಿಯೂ ಇತ್ತು.

ಮಿದುಳಿನ ಹೊರಪದರ ಬೂದು ಬಣ್ಣದ್ದು. ಅದರ ಅಡಿಯ ಬಿಳಿಯ ಭಾಗವು ನರಕೋಶಗಳನ್ನು ಬೆಸೆಯುವ ತಂತುಗಳ ಕಂತೆ. ತಂತುಗಳನ್ನು ಸುತ್ತಿದ ಕೊಬ್ಬಿನ ಹೊದಿಕೆಯಿಂದ ಆ ಬಿಳುಪು ಬಂದಿದೆ. ಸಂಕೇತಗಳು ವೇಗವಾಗಿ ಹರಿಯುವುದೂ ಅದರಿಂದಲೇ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಅದನ್ನು ಮೈಲಿನ್ ಎಂದು ಕರೆದರು. 20ನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್, ಬೆಳೆದವರ ನರಮಾರ್ಗಗಳು ಸ್ಥಿರವಾದವು, ಬದಲಾಗದವು ಎಂದು ಬರೆದರು. ನೊಬೆಲ್ ಪಡೆದವರ ಮಾತು, ಬಹುಕಾಲ ನಿಂತಿತು.

ಅದು ಅಲುಗಾಡಿದ್ದು, ಬದುಕಿರುವವರ ಬಿಳಿಭಾಗವನ್ನು ನೋಡುವ ಉಪಾಯ ದೊರೆತ ಮೇಲೆ. 1994ರಲ್ಲಿ, ತಂತುಗಳ ನಡುವೆ ನೀರಿನ ಕಣಗಳು ಚಲಿಸುವ ದಿಕ್ಕನ್ನು ಎಂ.ಆರ್.ಐ. ಯಂತ್ರದಿಂದ ಅಳೆಯುವ ವಿಧಾನವನ್ನು ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಪ್ರಕಟಿಸಿದರು. 2009ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ವಯಸ್ಕರಿಗೆ 6 ವಾರ ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟ ಕಲಿಸಿದರು. ಅವರ ಬಿಳಿಭಾಗದಲ್ಲಿ ಬದಲಾವಣೆ ಕಂಡಿತು. ಚೆನ್ನಾಗಿ ಕಲಿತವರಲ್ಲಿ ಮಾತ್ರವಲ್ಲ, ತಡವರಿಸಿದವರಲ್ಲೂ ಕಂಡಿತು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, 9 ತಿಂಗಳು ಚೀನೀ ಭಾಷೆ ಕಲಿತ ವಯಸ್ಕರಲ್ಲೂ ಇಂಥದೇ ಬದಲಾವಣೆಯನ್ನು ಗುರುತಿಸಿತು.

ನೀರಿನ ಚಲನೆ ಬದಲಾದ ಮಾತ್ರಕ್ಕೆ ಮೈಲಿನ್ ಬೆಳೆಯಿತೆನ್ನಲಾಗದು. ಆ ಕೊಂಡಿಯನ್ನು ಬಲಪಡಿಸಿದ್ದು ಲಂಡನ್ನಿನಲ್ಲಿ 2014ರಲ್ಲಿ ನಡೆದ ಪ್ರಯೋಗ. ಮೈಲಿನ್ ನೇಯುವ ಹೊಸ ಕೋಶಗಳು ಹುಟ್ಟದಂತೆ ತಡೆದ ಬೆಳೆದ ಇಲಿಗಳು, ಅಡ್ಡಕಡ್ಡಿಗಳ ಅಂತರ ಏರುಪೇರಾಗಿದ್ದ ಚಕ್ರದ ಮೇಲೆ ಓಡಲು ಸರಿಯಾಗಿ ಕಲಿಯಲಿಲ್ಲ. ಮೊದಲೇ ಕಲಿತಿದ್ದ ಇಲಿಗಳು ಮಾತ್ರ, ಬಳಿಕ ತಡೆಯೊಡ್ಡಿದರೂ ಮರೆಯಲಿಲ್ಲ.

ಇಲಿಯ ಚಕ್ರದಿಂದ ಮನುಷ್ಯನ ಅಕ್ಷರಕ್ಕೆ ನೇರ ದಾರಿಯಿಲ್ಲ, ನಿಜ. ಎಳೆಯ ಮಿದುಳಿನ ಅನುಕೂಲ ಬೆಳೆದವರಿಗೆ ಇಲ್ಲವೆಂಬುದೂ ನಿಜ. ಆದರೆ ಮರ ಬಗ್ಗದು ಎನ್ನಲು ಈಗ ಆಧಾರವಿಲ್ಲ. ಬರುವ ಭಾನುವಾರ ಹೊರಗಿನ ಬೆಂಚನ್ನು ನಾವು ತರಗತಿಯೊಳಕ್ಕೆ ತಂದಿಡಲಿದ್ದೇವೆ. ಸ್ಲೇಟುಗಳೂ ಇರುತ್ತವೆ.