ಮೈಸೂರು ಗೆದ್ದ ಕಪ್, ಕರ್ನಾಟಕ ಕಾದ ಕಪ್

ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯೇ ಸಂತೋಷ್ ಟ್ರೋಫಿ. ಅದು ಶುರುವಾದದ್ದು 1941ರಲ್ಲಿ. ನಮ್ಮವರು ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ, ಹೀಗೆ ನಾಲ್ಕು ಸಲ ಗೆದ್ದರು. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಲಾಢ್ಯ ಬಂಗಾಳ. ಆದರೆ ಆಗ ತಂಡದ ಹೆಸರು ಮೈಸೂರು.

1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಹೊಸ ಹೆಸರಿಗೆ ಕಪ್ ಮಾತ್ರ ಒಲಿಯಲಿಲ್ಲ. 1975-76ರ ಫೈನಲ್‌ನಲ್ಲಿ ಬಂಗಾಳವೇ ಹಳೆಯ ಲೆಕ್ಕ ತೀರಿಸಿಕೊಂಡಿತು. 2022ರ ಏಪ್ರಿಲ್‌ನಲ್ಲಿ ಕೇರಳದ ಮಂಜೇರಿಯಲ್ಲಿ ನಡೆದ ಸೆಮಿಫೈನಲ್‌ನಲ್ಲಂತೂ ಆತಿಥೇಯರ ಎದುರು 3-7ರ ಹೀನಾಯ ಸೋಲು. ಎದುರಾಳಿಯ ಜೆಸಿನ್ ಒಬ್ಬರೇ ಐದು ಗೋಲು ಹೊಡೆದಿದ್ದರು.

ಮುಂದಿನ ಋತುವಿನಲ್ಲಿ ತರಬೇತಿಯ ಹೊಣೆ ರವಿಬಾಬು ರಾಜು ಅವರದಾಯಿತು. 2023ರ ಫೆಬ್ರುವರಿಯಲ್ಲಿ ಭುವನೇಶ್ವರದಲ್ಲಿ ಮತ್ತೆ ಎದುರಾದದ್ದು ಅದೇ ಕೇರಳ. ಈ ಸಲ ಕರ್ನಾಟಕ 1-0ಯಿಂದ ಗೆದ್ದಿತು. ಹಾಲಿ ಚಾಂಪಿಯನ್ನರಿಗೆ ಸೆಮಿಫೈನಲ್ ಬಾಗಿಲೂ ತೆರೆಯಲಿಲ್ಲ.

ಸೆಮಿಫೈನಲ್ ಮತ್ತು ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಟ್ರೋಫಿಯ ಪಂದ್ಯಗಳು ವಿದೇಶಕ್ಕೆ ಹೋದದ್ದು ಅದೇ ಮೊದಲು. ಸರ್ವಿಸಸ್ ತಂಡವನ್ನು 3-1ರಿಂದ ಮಣಿಸಿದ ಕರ್ನಾಟಕಕ್ಕೆ ಮಾರ್ಚ್ 4ರ ಫೈನಲ್‌ನಲ್ಲಿ ಸಿಕ್ಕಿದ್ದು ಮೇಘಾಲಯ. ಸುನಿಲ್ ಕುಮಾರ್, ಬೇಕಿ ಓರಂ, ರಾಬಿನ್ ಯಾದವ್ ಗೋಲುಗಳಿಂದ ವಿರಾಮದ ವೇಳೆಗೆ 3-1ರ ಮುನ್ನಡೆ. ಆಮೇಲೆ ಮೇಘಾಲಯ ಇನ್ನೊಂದು ಗೋಲು ಗಳಿಸಿತಾದರೂ ಕರ್ನಾಟಕದ ರಕ್ಷಣೆ ಕುಸಿಯಲಿಲ್ಲ.

54 ವರ್ಷಗಳ ಬಳಿಕ ಕಪ್ ಮನೆಗೆ ಬಂತು. ವಿಜೇತರ ಪಟ್ಟಿಯಲ್ಲಿ ಕರ್ನಾಟಕ ಎಂಬ ಹೆಸರು ಮೂಡಲು, ಆ ಹೆಸರಿಗೇ ಐವತ್ತು ತುಂಬುವ ವರ್ಷ ಬರಬೇಕಾಯಿತು.