ಚಾಸಿಯ ಬಲವರ್ಧನೆಯಲ್ಲಿ ಟಿಗ್ ಮತ್ತು ಮಿಗ್: ಬಿರುಕು ಹುಟ್ಟುವ ಜಾಗದಿಂದ ಒಂದು ವಿವೇಚನೆ

ವಾಹನದ ಚಾಸಿಗೆ ಬಲ ಕೊಡಿಸುವಾಗ ಟಿಗ್ ಬೆಸುಗೆ ಹಾಕಿಸಬೇಕೋ ಮಿಗ್ ಬೆಸುಗೆ ಹಾಕಿಸಬೇಕೋ ಎಂಬ ಮಾತು ಬಂದರೆ, ಚರ್ಚೆ ನೇರವಾಗಿ ‘ಎರಡರಲ್ಲಿ ಯಾವುದು ಗಟ್ಟಿ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಮ್ಮ ಶೆಡ್ಡುಗಳಲ್ಲಿ ಟಿಗ್ ಅಂದರೆ ಆರ್ಗಾನ್ ವೆಲ್ಡಿಂಗ್, ಮಿಗ್ ಅಂದರೆ ಸಿಓಟು ವೆಲ್ಡಿಂಗ್. ಎರಡಕ್ಕೂ ದರ ಬೇರೆ, ಮರ್ಯಾದೆಯೂ ಬೇರೆ. ಟಿಗ್‌ನಲ್ಲಿ ಕೆಲಸ ನಿಧಾನ, ಗೆರೆ ನುಣುಪು, ಕೂಲಿ ಹೆಚ್ಚು. ಆದ್ದರಿಂದ ಟಿಗ್ ಹೆಚ್ಚು ಬಾಳಿಕೆ ಬರುತ್ತದೆ ಎಂಬ ನಂಬಿಕೆ ಬೆಳೆದಿದೆ. ಈ ನಂಬಿಕೆ ಚಾಸಿಯ ವಿಷಯದಲ್ಲಿ ತಪ್ಪು ದಾರಿಗೆ ಒಯ್ಯುತ್ತದೆ ಎಂಬುದು ಈ ಲೇಖನದ ವಾದ. ಬಲವರ್ಧನೆ ಮಾಡಿದ ಚಾಸಿ ಮುರಿಯುವುದು ಒಂದೇ ಏಟಿಗಲ್ಲ, ವರ್ಷಗಟ್ಟಲೆ ಮತ್ತೆ ಮತ್ತೆ ಬೀಳುವ ಹೊರೆಯಿಂದ. ಅಂಥ ದಣಿವಿನ ಬಿರುಕು ಎಲ್ಲಿ ಹುಟ್ಟಬೇಕೆಂಬುದನ್ನು ಮೊದಲು ನಿರ್ಧರಿಸುವುದು ಬಲಕ್ಕೆಂದು ಸೇರಿಸಿದ ಪಟ್ಟಿಯ ಆಕಾರ, ಅದು ಕೊನೆಗೊಳ್ಳುವ ಜಾಗ ಮತ್ತು ಬೆಸುಗೆಯ ಬುಡ ನಿಜವಾಗಿ ಕರಗಿದೆಯೇ ಎಂಬ ಸಂಗತಿ. ಯಂತ್ರದ ಆಯ್ಕೆ ಇವುಗಳ ನಂತರದ್ದು. ಈ ಕ್ರಮದಲ್ಲಿ ನೋಡಿದರೆ ಮೃದು ಉಕ್ಕಿನ ಏಣಿ ಚೌಕಟ್ಟಿಗೆ (ಲ್ಯಾಡರ್ ಫ್ರೇಮ್) ಮಿಗ್ ಸರಿಯಾದ ಮೊದಲ ಆಯ್ಕೆ. ಟಿಗ್‌ಗೆ ಅಲ್ಲಿ ಕಿರಿದಾದ, ಆದರೆ ಮಿಗ್ ತುಂಬಲಾಗದ ಪಾತ್ರವಿದೆ.

ಎರಡೂ ವಿಧಾನಗಳ ಹುಟ್ಟು ಒಂದಿಷ್ಟು ತಿಳಿದಿರುವುದು ಒಳ್ಳೆಯದು. 1941ರ ಹೊತ್ತಿಗೆ ಅಮೆರಿಕದ ನಾರ್ಥ್‌ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಟಂಗ್‌ಸ್ಟನ್ ಎಲೆಕ್ಟ್ರೋಡ್ ಮತ್ತು ಹೀಲಿಯಂ ಅನಿಲದ ಟಾರ್ಚನ್ನು ರೂಪಿಸಿದ್ದು ತೆಳುವಾದ ಮೆಗ್ನೀಸಿಯಂ ತಗಡುಗಳನ್ನು ಬೆಸೆಯಲು. ಕರಗುವಾಗ ಗಾಳಿ ತಾಗಿದರೆ ಉರಿದುಹೋಗುವ ಲೋಹಕ್ಕೆ ಶುದ್ಧ ಅನಿಲದ ಹೊದಿಕೆ, ಕೈಯ ಹಿಡಿತದಲ್ಲಿರುವ ಸಣ್ಣ ಆರ್ಕ್ ಬೇಕಿತ್ತು. ತಂತಿಯೇ ಎಲೆಕ್ಟ್ರೋಡ್ ಆಗಿ ಕರಗುತ್ತಾ ಹೋಗುವ ಮಿಗ್ ವಿಧಾನ 1948ರಲ್ಲಿ ಬ್ಯಾಟೆಲ್ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾಯಿತು. ಮೊದಲು ಅದು ಅಲ್ಯುಮಿನಿಯಂಗೆ ಮೀಸಲಾಗಿತ್ತು. 1953ರಲ್ಲಿ ಅಗ್ಗದ ಇಂಗಾಲದ ಡೈಆಕ್ಸೈಡ್ ಬಳಕೆಗೆ ಬಂದ ಮೇಲೆ ಉಕ್ಕಿನ ಕೆಲಸಕ್ಕೆ ಹರಡಿತು. ಒಂದು ತೆಳು ಲೋಹದ ಸೂಕ್ಷ್ಮ ಕೆಲಸಕ್ಕೆ ಹುಟ್ಟಿದ್ದು, ಇನ್ನೊಂದು ಕಡಿಮೆ ಸಮಯದಲ್ಲಿ ಹೆಚ್ಚು ಲೋಹ ತುಂಬಲು ಬೆಳೆದದ್ದು. ಒಂದು ಮೇಲು, ಇನ್ನೊಂದು ಕೀಳು ಎನ್ನಲು ಈ ಚರಿತ್ರೆಯಲ್ಲಿ ಆಧಾರವೇನೂ ಇಲ್ಲ.

ದಣಿವಿನ ವಿಷಯದಲ್ಲಿ ನಮಗಿರುವ ಗಟ್ಟಿ ಪುರಾವೆ ಸೇತುವೆ ಮತ್ತು ಕಟ್ಟಡಗಳ ಉಕ್ಕಿನ ಮೇಲೆ ದಶಕಗಳಿಂದ ನಡೆದ ಪರೀಕ್ಷೆಗಳದ್ದು. ಅದರ ಸಾರ ಯುರೋಪಿನ ವಿನ್ಯಾಸ ಸಂಹಿತೆ ಯುರೋಕೋಡ್ 3ರ ದಣಿವಿನ ಭಾಗದಲ್ಲಿದೆ. ಅಲ್ಲಿ ಪ್ರತಿಯೊಂದು ಬೆಸುಗೆ ಜೋಡಣೆಗೂ ಒಂದು ದರ್ಜೆಯ ಸಂಖ್ಯೆ ಇದೆ. 20 ಲಕ್ಷ ಸಲ ಏರಿಳಿಯುವ ಒತ್ತಡವನ್ನು ಆ ಜೋಡಣೆ ಎಷ್ಟರ ಮಟ್ಟಿಗೆ ತಾಳಬಲ್ಲದು ಎಂಬುದನ್ನು ಅದು ಹೇಳುತ್ತದೆ. ಹೊರೆ ಬೀಳುವ ದಿಕ್ಕಿಗೆ ಉದ್ದವಾಗಿ ಒಂದು ತುಂಡು ಪಟ್ಟಿಯನ್ನು ಬೆಸೆದರೆ, ಅದರ ಉದ್ದ 50 ಮಿ.ಮೀ. ಒಳಗಿದ್ದಾಗ ದರ್ಜೆ 80, 100 ಮಿ.ಮೀ. ದಾಟಿದರೆ 56. ಬಾಳಿಕೆ ಒತ್ತಡದ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ, ಈ ಒಂದು ಬದಲಾವಣೆಯಿಂದಲೇ ಆಯುಸ್ಸು ಸುಮಾರು ಮೂರನೆಯ ಒಂದಕ್ಕೆ ಕುಸಿಯುತ್ತದೆ. ಪಟ್ಟಿ ಉದ್ದವಾದಷ್ಟೂ ಹೆಚ್ಚು ಹೊರೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಆ ಹೊರೆಯೆಲ್ಲ ಅದರ ತುದಿಯಲ್ಲಿ ಒಮ್ಮೆಲೇ ಚಾಸಿಗೆ ಮರಳಬೇಕಾಗುತ್ತದೆ. ಅಲ್ಲೇ ಬಿರುಕು. ಗಮನಿಸಬೇಕಾದದ್ದೇನೆಂದರೆ, ಈ ಕೋಷ್ಟಕ ಬೆಸುಗೆಯನ್ನು ಟಿಗ್‌ನಲ್ಲಿ ಹಾಕಿದ್ದೋ ಮಿಗ್‌ನಲ್ಲಿ ಹಾಕಿದ್ದೋ ಎಂದು ಕೇಳುವುದೇ ಇಲ್ಲ. ಉದ್ದಕ್ಕೆ ಹರಿಯುವ ಬೆಸುಗೆಯಲ್ಲಿ ಮಾತ್ರ ಬೇರೊಂದು ಭೇದ ಮಾಡುತ್ತದೆ: ಎಲ್ಲಿಯೂ ನಿಲ್ಲದ ಸ್ವಯಂಚಾಲಿತ ಬೆಸುಗೆಗೆ 125, ನಡುವೆ ನಿಂತು ಶುರುವಾದದ್ದಕ್ಕೆ 112, ಕೈಯಿಂದ ಹಾಕಿದ್ದಕ್ಕೆ 100. ಅಂದರೆ ಅದು ನೋಡುವುದು ಎಷ್ಟು ಸಲ ನಿಲ್ಲಿಸಿದಿರಿ, ಎಷ್ಟು ಸಮನಾಗಿ ಸಾಗಿದಿರಿ ಎಂಬುದನ್ನು. ಈ ಸಂಖ್ಯೆಗಳು ದಪ್ಪ ತಗಡುಗಳಿಗೆ ಸೇರಿದವು, 3 ಮಿ.ಮೀ. ಚಾಸಿಗೆ ಅವನ್ನು ಹಾಗೆಯೇ ಅನ್ವಯಿಸುವುದು ಸಲ್ಲದು. ಆದರೆ ಅವು ತೋರಿಸುವ ದಿಕ್ಕು ತೆಳು ಉಕ್ಕಿನಲ್ಲೂ ಬದಲಾಗುವುದಿಲ್ಲ. ಇನ್ನೂ ಒಂದು ಅಂಶ ಇಲ್ಲೇ ಸೇರಬೇಕು: ಬೆಸೆದ ಜೋಡಣೆಯ ದಣಿವಿನ ಬಲ ಮೂಲ ಉಕ್ಕು ಎಷ್ಟು ಗಟ್ಟಿ ಎಂಬುದನ್ನು ಬಹುತೇಕ ಅವಲಂಬಿಸಿಲ್ಲ. ದುಬಾರಿ ಉಕ್ಕಿನ ಪಟ್ಟಿ ತಂದು ಬೆಸೆದರೆ ಚಾಸಿ ಹೆಚ್ಚು ದಿನ ಬಾಳುತ್ತದೆ ಎಂಬ ಲೆಕ್ಕಾಚಾರ ಆದ್ದರಿಂದಲೇ ಕೈಕೊಡುತ್ತದೆ.

ಒಂದು ನಿಜವಾದ ಕೆಲಸವನ್ನು ಹತ್ತಿರದಿಂದ ನೋಡೋಣ. ಕೊಡಚಾದ್ರಿಯ ಕಚ್ಚಾ ದಾರಿಯಲ್ಲಿ ಓಡಾಡುವ ಜೀಪುಗಳಂಥ ಏಣಿ ಚೌಕಟ್ಟಿನ ಗಾಡಿಗಳಲ್ಲಿ ಬಿರುಕು ಕಾಣಿಸಿಕೊಳ್ಳುವ ಜಾಗಗಳು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ: ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ಸ್ಪ್ರಿಂಗ್ ಪಟ್ಟಿಗಳ ಹ್ಯಾಂಗರ್ ಬ್ರಾಕೆಟ್, ಅಡ್ಡ ಪಟ್ಟಿ ಉದ್ದ ಪಟ್ಟಿಗೆ ಸೇರುವ ಮೂಲೆ. ಪರಿಹಾರವೆಂದು ಸಿ ಆಕಾರದ ಉದ್ದ ಪಟ್ಟಿಯ ತೆರೆದ ಬದಿಗೆ ಇನ್ನೊಂದು ತಗಡು ಮುಚ್ಚಿ ಪೆಟ್ಟಿಗೆಯಾಗಿ ಮಾಡುವುದು ರೂಢಿ. 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ತೆರೆದ ಸಿ ಪಟ್ಟಿಯ ತಿರುಚು ಸ್ಥಿರಾಂಕ ಸುಮಾರು 1,750 ಮಿ.ಮೀ. ಚತುರ್ಘಾತ, ಅದನ್ನೇ ಮುಚ್ಚಿ ಪೆಟ್ಟಿಗೆ ಮಾಡಿದರೆ 8,66,000ದ ಆಸುಪಾಸು. ಸುಮಾರು ಐನೂರು ಪಟ್ಟು. ಸೇರುವೆಗಳ ಹಿಡಿತವನ್ನು ಬಿಟ್ಟು ಹಾಕಿದ ಸರಳ ಲೆಕ್ಕವಿದು, ಆದರೂ ಸಾಕಷ್ಟು ಹೇಳುತ್ತದೆ. ಏಣಿ ಚೌಕಟ್ಟು ಕೆಲಸ ಮಾಡುವುದೇ ಸ್ವಲ್ಪ ತಿರುಚಿಕೊಳ್ಳುವ ಮೂಲಕ. ಅದರ ಅರ್ಧ ಮೀಟರನ್ನು ತಿರುಚಿಕೊಳ್ಳದಂತೆ ಮಾಡಿದರೆ, ಆ ತಿರುಚೆಲ್ಲ ಪೆಟ್ಟಿಗೆ ಮುಗಿದು ತೆರೆದ ಪಟ್ಟಿ ಶುರುವಾಗುವ ಗೆರೆಗೆ ಬಂದು ಸೇರುತ್ತದೆ. ಮುಚ್ಚುವ ತಗಡನ್ನು ನೇರ ಕತ್ತರಿಸಿ ಆ ಗೆರೆಯುದ್ದಕ್ಕೂ ಅಡ್ಡಲಾಗಿ ಬೆಸೆದುಬಿಟ್ಟರೆ ಟಿಗ್ಗಾದರೇನು, ಮಿಗ್ಗಾದರೇನು, ಮುಂದಿನ ಬಿರುಕಿಗೆ ಜಾಗ ಗುರುತು ಮಾಡಿಕೊಟ್ಟಂತೆಯೇ. ತಗಡಿನ ತುದಿಯನ್ನು ಮೀನಿನ ಬಾಲದಂತೆ ಅಥವಾ ಚೂಪಾಗಿ ಕತ್ತರಿಸಿ, ಅಡ್ಡ ಬೆಸುಗೆ ಬಿಟ್ಟು, ತುದಿಯ ಬಳಿ ಮೇಲಿನ ಕೆಳಗಿನ ಅಂಚುಗಳಿಂದ ಬೆಸುಗೆಯನ್ನು ದೂರವಿರಿಸುವುದು ಇದಕ್ಕಾಗಿಯೇ. ಬಗ್ಗುವಾಗ ಅತಿ ಹೆಚ್ಚು ಒತ್ತಡ ಕಾಣುವುದು ಆ ಅಂಚುಗಳೇ.

ಈಗ ಯಂತ್ರದ ಆಯ್ಕೆಗೆ ಬರಬಹುದು. ಇಂಥ ಕೆಲಸದಲ್ಲಿ ಬೆಸುಗೆಯ ಉದ್ದ ಹೆಚ್ಚು, ಬಹುಪಾಲು ಹೊರೆಯ ದಿಕ್ಕಿಗೇ ಹರಿಯುವಂಥದ್ದು. ಟಿಗ್ ‘ತಣ್ಣಗಿನ’ ಬೆಸುಗೆ, ಆದ್ದರಿಂದ ಚಾಸಿ ಸೊಟ್ಟಗಾಗುವುದಿಲ್ಲ ಎಂಬ ಮಾತನ್ನು ಲೆಕ್ಕ ಹಾಕಿ ನೋಡಬೇಕು. ಮಿಗ್‌ನಲ್ಲಿ 19 ವೋಲ್ಟ್, 130 ಆಂಪಿಯರ್, ಸೆಕೆಂಡಿಗೆ 6 ಮಿ.ಮೀ. ವೇಗ ಎಂದುಕೊಳ್ಳಿ. ಆರ್ಕ್‌ನ ಶಕ್ತಿಯಲ್ಲಿ ಲೋಹಕ್ಕೆ ಸೇರುವ ಪಾಲನ್ನು ಯುರೋಪಿನ ಮಾನಕಗಳು ಮಿಗ್‌ಗೆ 0.8 ಎಂದೂ ಟಿಗ್‌ಗೆ 0.6 ಎಂದೂ ಹಿಡಿಯುತ್ತವೆ. ಹಾಗಾದರೆ ಮಿಗ್‌ನಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 330 ಜೂಲ್ ಶಾಖ. ಟಿಗ್‌ನಲ್ಲಿ ಅದೇ 130 ಆಂಪಿಯರ್, 13 ವೋಲ್ಟ್. ಆದರೆ ಕೈಯಿಂದ ಫಿಲ್ಲರ್ ರಾಡ್ ಅದ್ದುತ್ತಾ ಸಾಗುವ ವೇಗ ಸೆಕೆಂಡಿಗೆ 2 ಮಿ.ಮೀ. ಹಾಗಾಗಿ ಶಾಖ ಸುಮಾರು 510 ಜೂಲ್, ಅಂದರೆ ಒಂದೂವರೆ ಪಟ್ಟು. ಆರ್ಕ್ ಸಣ್ಣದಿದ್ದರೂ ಅದು ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ. ಉದ್ದನೆಯ ಬೆಸುಗೆಗಳಲ್ಲಿ ಚೌಕಟ್ಟನ್ನು ಎಳೆದು ಸೊಟ್ಟ ಮಾಡುವುದು ಈ ನಿಲ್ಲುವಿಕೆಯೇ. ಇನ್ನು ಹಳೆ ಚಾಸಿಯ ಉಕ್ಕು ಹೊಸ ತಗಡಿನಂತೆ ಶುಭ್ರವಾಗಿರುವುದಿಲ್ಲ. ಗ್ರೈಂಡರ್‌ನಲ್ಲಿ ಹೊಳಪು ಬರುವವರೆಗೆ ತಿಕ್ಕಿದರೂ ತಗಡುಗಳ ನಡುವಿನ ಸಂದಿಯಲ್ಲಿ ತುಕ್ಕು, ಎಣ್ಣೆ, ಬಣ್ಣದ ಚೂರು ಉಳಿದೇ ಇರುತ್ತವೆ. ಟಿಗ್ ಇದನ್ನು ಸಹಿಸುವುದಿಲ್ಲ. ಟಂಗ್‌ಸ್ಟನ್ ತುದಿ ಮಲಿನವಾಗಿ ಕೆಲಸ ನಿಲ್ಲುತ್ತದೆ, ಬೆಸುಗೆಯಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಇಆರ್70ಎಸ್-6 ಮಿಗ್ ತಂತಿಯಲ್ಲಿರುವ ಮ್ಯಾಂಗನೀಸ್, ಸಿಲಿಕಾನ್ ಒಂದಿಷ್ಟು ಆಮ್ಲಜನಕವನ್ನು ಕಟ್ಟಿಹಾಕುತ್ತವೆ. ಗಾಡಿಯ ಕೆಳಗೆ ಮಲಗಿ ತಲೆಯ ಮೇಲೆ ಬೆಸೆಯಬೇಕಾದಾಗ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ರಾಡ್, ಕಾಲಲ್ಲಿ ಪೆಡಲ್ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಾದಕ್ಕೆ ಬರುವ ಅತ್ಯಂತ ಗಂಭೀರ ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಮಿಗ್ ಮೋಸ ಮಾಡಬಲ್ಲದು. ಕಡಿಮೆ ವೋಲ್ಟೇಜಿನಲ್ಲಿ ತಂತಿಯ ತುದಿ ಲೋಹಕ್ಕೆ ತಾಗಿ ತಾಗಿ ಕರಗುವಾಗ, ತಂತಿ ಕರಗುತ್ತದೆ, ಗೆರೆ ಚೆನ್ನಾಗಿ ಕೂರುತ್ತದೆ, ಆದರೆ ಕೆಳಗಿನ ಚಾಸಿ ಕರಗದೆ ಉಳಿಯಬಹುದು. ಮೇಲಿನಿಂದ ನೋಡಿದರೆ ಒಳ್ಳೆಯ ಬೆಸುಗೆ; ಒಳಗೆ ಅಂಟಿಕೊಂಡಿರುವುದಷ್ಟೇ. ಟಿಗ್‌ನಲ್ಲಿ ಹೀಗಾಗುವುದು ಕಡಿಮೆ, ಏಕೆಂದರೆ ತಳದ ಲೋಹ ಕರಗಿ ಕೊಳವಾಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಬೆಸುಗೆಗಾರ ರಾಡ್ ಅದ್ದುತ್ತಾನೆ. ಈ ಆಕ್ಷೇಪ ನಿಜ, ಮತ್ತು ಟಿಗ್ ಪರವಾಗಿ ನಾನು ಕಂಡಿರುವ ಅತ್ಯುತ್ತಮ ವಾದ ಇದೇ. ಆದರೆ ಇದು ಹೇಳುವುದು ಮಿಗ್‌ಗೆ ಪರೀಕ್ಷೆ ಬೇಕು ಎಂಬುದನ್ನು, ಮಿಗ್ ಬೇಡ ಎಂಬುದನ್ನಲ್ಲ. ಕಾಲೇಜು ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿ ಓಡಿಸುವ ಬಾಹಾ ಎಸ್‌ಎಇ ಸ್ಪರ್ಧೆಯ ನಿಯಮ ಈ ದೃಷ್ಟಿಯಿಂದ ಬಹಳ ವಿವೇಕದ್ದು. ಚೌಕಟ್ಟು ಬೆಸೆದವರೇ ಅದೇ ಕೊಳವೆಯ ಮಾದರಿ ಜೋಡಣೆಗಳನ್ನೂ ಬೆಸೆದು ತರಬೇಕು. ಒಂದನ್ನು ಮುರಿದು ನೋಡಿರಬೇಕು, ಇನ್ನೊಂದನ್ನು ಸೀಳಿ ಬೆಸುಗೆ ಎಷ್ಟು ಆಳ ಇಳಿದಿದೆ ಎಂದು ತೋರಿಸಬೇಕು. ಶೆಡ್ಡಿನಲ್ಲಿ ಇದನ್ನು ಮಾಡಲು ವೈಸ್, ಸುತ್ತಿಗೆ, ಹ್ಯಾಕ್‌ಸಾ ಸಾಕು. ಅದೇ ದಪ್ಪದ ಎರಡು ತುಂಡುಗಳನ್ನು ಅದೇ ಸೆಟ್ಟಿಂಗ್‌ನಲ್ಲಿ, ಅದೇ ಭಂಗಿಯಲ್ಲಿ ಬೆಸೆದು, ವೈಸಿನಲ್ಲಿ ಹಿಡಿದು ಬುಡದ ಕಡೆಯಿಂದ ಬಗ್ಗಿಸಿದರೆ, ಕರಗದೆ ಕೂತ ಬೆಸುಗೆ ನೇರವಾದ, ಹೊಳೆಯುವ ಅಂಚನ್ನು ಬಿಟ್ಟು ಕಿತ್ತುಬರುತ್ತದೆ. ಸರಿಯಾಗಿ ಕರಗಿದ್ದರೆ ಉಕ್ಕೇ ಬಗ್ಗುತ್ತದೆ, ಇಲ್ಲವೆ ಹರಿಯುತ್ತದೆ.

ಎರಡನೆಯ ಆಕ್ಷೇಪ ರೇಸಿನ ಲೋಕದ್ದು: ವಿಮಾನ, ರೇಸ್ ಕಾರುಗಳಿಗೆ ಟಿಗ್ ಕಡ್ಡಾಯವಲ್ಲವೇ? ಭಾಗಶಃ ಮಾತ್ರ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ 4130 ಕ್ರೋಮೋಲಿ ಉಕ್ಕಿನ ಕೊಳವೆಗೆ ಟಿಗ್ ಅನ್ನೇ ಕೇಳುತ್ತದೆ; ಮೃದು ಉಕ್ಕಿಗೆ ಮಿಗ್ಗೂ ಆಗಬಹುದು, ಟಿಗ್ಗೂ ಆಗಬಹುದು ಎನ್ನುತ್ತದೆ. ಅಂದರೆ ನಿಯಮ ಹೊರಟಿರುವುದು ಲೋಹದಿಂದ. ಕ್ರೋಮೋಲಿ ಬೇಗ ತಣಿದರೆ ಗಡುಸಾಗಿ ಸೀಳುತ್ತದೆ, ಅದರ ಕೊಳವೆಗಳೂ ತೆಳು. ಅಲ್ಲಿ ಶಾಖವನ್ನು ನಿಧಾನ ಏರಿಸಿ ನಿಧಾನ ಇಳಿಸುವ ಟಿಗ್ ನಿಜವಾಗಿಯೂ ಮೇಲು. ರ‍್ಯಾಲಿ ಕಾರುಗಳ ಸುರಕ್ಷಾ ಪಂಜರಕ್ಕೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಹಾಕಿರುವ ನಿಯಮ ಇನ್ನೂ ಸ್ಪಷ್ಟ. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ 2.5 ಮಿ.ಮೀ. ದಪ್ಪ, ಇಲ್ಲವೆ 50 ಮಿ.ಮೀ. ವ್ಯಾಸ 2 ಮಿ.ಮೀ. ದಪ್ಪದ ಉಕ್ಕಿನ ಕೊಳವೆ. ಬೆಸುಗೆ ಕೊಳವೆಯ ಸುತ್ತಳತೆಯಷ್ಟೂ ಇರಬೇಕು, ಪೂರ್ತಿ ಆಳ ಇಳಿದಿರಬೇಕು, ಸಾಧ್ಯವಾದಷ್ಟು ಅನಿಲದ ರಕ್ಷಣೆಯ ಆರ್ಕ್ ಬಳಸಬೇಕು. ಎರಡು ವಿಧಾನಗಳಲ್ಲಿ ಯಾವುದನ್ನೂ ಅದು ಹೆಸರಿಸಿಲ್ಲ. ಚೆಂದ ಕಂಡ ಮಾತ್ರಕ್ಕೆ ಬೆಸುಗೆ ಒಳ್ಳೆಯದೆಂದು ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಅದೇ ನಿಯಮ ಕೊಡುತ್ತದೆ.

ಹಾಗೆಂದು ಟಿಗ್‌ಗೆ ಸಲ್ಲಬೇಕಾದ ಮನ್ನಣೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಬೆಸುಗೆಯ ಗೆರೆ ಮೂಲ ಲೋಹವನ್ನು ಮುಟ್ಟುವ ಅಂಚನ್ನು ಹಿಗ್ಗಿಸಿ ನೋಡಿದರೆ ಅಲ್ಲಿ ಮಿಲಿಮೀಟರಿನ ಹತ್ತನೆಯ ಭಾಗದಷ್ಟು ಆಳದ ಸೀಳುಗಳು, ಕಸದ ಎಳೆಗಳು ಕಾಣುತ್ತವೆ. ದಣಿವಿನ ಬಿರುಕು ಇವುಗಳಿಂದಲೇ ಹೊರಡುತ್ತದೆ. ಟಿಗ್ ಟಾರ್ಚನ್ನು ಫಿಲ್ಲರ್ ಇಲ್ಲದೆ ಆ ಅಂಚಿನ ಮೇಲೆ ಹಾಯಿಸಿ ಮತ್ತೆ ಕರಗಿಸಿದರೆ ಈ ದೋಷಗಳು ಹೋಗಿ, ಅಂಚಿನ ತಿರುವು ನಯವಾಗುತ್ತದೆ. ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ ಈ ಕ್ರಮಕ್ಕೆ ಒತ್ತಡದಲ್ಲಿ 1.3 ಪಟ್ಟು ಸುಧಾರಣೆಯನ್ನು ಒಪ್ಪಿಕೊಂಡಿದೆ. ಘನದ ಲೆಕ್ಕದಲ್ಲಿ ಆಯುಸ್ಸು ಎರಡು ಪಟ್ಟಿಗೂ ಮಿಕ್ಕಿ. ಈ ಅಂಕಿ 6 ಮಿ.ಮೀ.ಗಿಂತ ದಪ್ಪದ ಉಕ್ಕಿಗೆ ಸೇರಿದ್ದು, ಜೀಪಿನ ಪಟ್ಟಿಗೆ ಅಷ್ಟೇ ಲಾಭ ಸಿಗುತ್ತದೆಂದು ಭರವಸೆ ಕೊಡಲಾಗದು. ಆದರೂ ಕಾರ್ಯಕಾರಣ ಒಂದೇ. ಆದ್ದರಿಂದ ಉದ್ದನೆಯ ಬೆಸುಗೆಗಳನ್ನು ಮಿಗ್‌ನಲ್ಲಿ ಹಾಕಿ, ಪಟ್ಟಿಯ ತುದಿಗಳ 20–30 ಮಿ.ಮೀ. ಜಾಗದಲ್ಲಿ ಮಾತ್ರ ಟಿಗ್‌ನಿಂದ ಅಂಚನ್ನು ಕರಗಿಸಿ ನಯಗೊಳಿಸುವುದು ಎರಡು ಯಂತ್ರವೂ ಇರುವ ಶೆಡ್ಡಿಗೆ ನಾನು ಸೂಚಿಸುವ ಕ್ರಮ. ಬುಡ ಕರಗದೆ ಉಳಿದಿದ್ದರೆ ಮಾತ್ರ ಈ ಮೇಲ್ಮೈ ಕೆಲಸದಿಂದ ಏನೂ ಪ್ರಯೋಜನವಿಲ್ಲ. ಬಿರುಕು ಆಗ ಒಳಗಿನಿಂದಲೇ ಬರುತ್ತದೆ. ವೈಸಿನ ಪರೀಕ್ಷೆ ಮೊದಲು, ಟಿಗ್ ಆಮೇಲೆ.

ಈ ವಾದದ ಮೇರೆಯನ್ನೂ ಗುರುತಿಸಬೇಕು. ಇಲ್ಲಿಯವರೆಗೆ ಹೇಳಿದ್ದು ಮೃದು ಉಕ್ಕಿನ ಏಣಿ ಚೌಕಟ್ಟಿಗೆ. ಇಂದಿನ ಬಹುತೇಕ ಕಾರುಗಳಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ, ಒಂದು ಮಿ.ಮೀ. ಆಸುಪಾಸಿನ ತಗಡುಗಳ ದೇಹವೇ ಹೊರೆ ಹೊರುತ್ತದೆ. ಹೊಸ ಕಾರುಗಳ ಬಾಗಿಲ ನಡುವಿನ ಕಂಬಗಳಲ್ಲಿ ಬೋರಾನ್ ಸೇರಿಸಿ ಬಿಸಿಯಲ್ಲೇ ಒತ್ತಿ ತಣಿಸಿದ, 1,500 ಮೆಗಾಪಾಸ್ಕಲ್ ತಾಳುವ ಉಕ್ಕು ಇರಬಹುದು. ಆ ಬಲ ಬಂದಿರುವುದೇ ತಣಿಸಿದ ರೀತಿಯಿಂದ. ಯಾವ ಆರ್ಕ್ ತಾಗಿದರೂ ಬೆಸುಗೆಯ ಪಕ್ಕದ ಉಕ್ಕು ಮೆತ್ತಗಾಗುತ್ತದೆ. ಸತುವಿನ ಲೇಪವಿರುವ ತಗಡಿನಲ್ಲಿ ಸತು 907 ಡಿಗ್ರಿಗೇ ಕುದಿದು ಆವಿಯಾಗಿ ಬೆಸುಗೆಯನ್ನು ಕೆಡಿಸುತ್ತದೆ, ಟಿಗ್‌ನ ಟಂಗ್‌ಸ್ಟನ್ನನ್ನಂತೂ ಬೇಗ ಹಾಳುಮಾಡುತ್ತದೆ. ಅಂಥ ದೇಹಗಳಿಗೆ ತಯಾರಕರು ಹೇಳಿದ ಜಾಗದಲ್ಲಿ, ಹೇಳಿದ ವಿಧಾನದಲ್ಲಿ, ಕೆಲವೊಮ್ಮೆ ತಾಮ್ರ–ಸಿಲಿಕಾನ್ ತಂತಿಯಿಂದ ಮೂಲ ಉಕ್ಕನ್ನು ಕರಗಿಸದೆ ಜೋಡಿಸುವ ಕ್ರಮದಲ್ಲಿ ದುರಸ್ತಿ ಮಾಡಬೇಕೇ ಹೊರತು ಬಲವರ್ಧನೆಯ ಹೆಸರಿನಲ್ಲಿ ಪಟ್ಟಿ ಸೇರಿಸಬಾರದು. ರಸ್ತೆಗಿಳಿಯುವ ಯಾವುದೇ ಗಾಡಿಯ ಮೂಲ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂನ ನಿರ್ಬಂಧವೂ ಇದೆ. ಬಿರುಕು ಬಿಟ್ಟ ಜಾಗವನ್ನು ಮೊದಲಿದ್ದಂತೆ ಸರಿಪಡಿಸುವುದಕ್ಕೂ, ತಯಾರಕರ ವಿನ್ಯಾಸದಲ್ಲಿಲ್ಲದ ಪೆಟ್ಟಿಗೆ ಕಟ್ಟುವುದಕ್ಕೂ ಇರುವ ಅಂತರವನ್ನು ಬೆಸುಗೆಗಾರನೂ ಗಾಡಿಯ ಮಾಲೀಕನೂ ಟಾರ್ಚ್ ಹೊತ್ತಿಸುವ ಮುಂಚೆಯೇ ಗುರುತಿಸಿಕೊಳ್ಳಬೇಕು.